ಕೇದಗೆಯ ಅತ್ತರು

"ತಾಯಿ, ಒಳ್ಳೆಯದನ್ನು ಕಲಿಯಲೆಂದು ಊರು ಬಿಟ್ಟು ಬಂದವನು ತನ್ನ ಹಿಂದಿನದನ್ನು ಎಷ್ಟು ದೂರ ಇಡಬೇಕು?" ಎಂದು ಅಡಿವೆಪ್ಪ ಕೇಳಿದ.

ಕೇಳಿದ್ದು ಗುರುತಾಯಿ ಮುರಿಗೆಮ್ಮನವರನ್ನು. ಅವರು ಹುಟ್ಟಿದ್ದು ಕೃಷ್ಣೆಯ ದಡದ ಜೋಳದ ಸೀಮೆಯಲ್ಲಿ. ಮದುವೆಯಾಗಿ ಬಂದು ನೆಲೆನಿಂತದ್ದು ಬಹು ದೂರದ ನರ್ಮದೆಯ ದಡದಲ್ಲಿ. ಅಲ್ಲಿ ಅವರ ಮನೆಯೇ ಪಾಠಶಾಲೆ. ಪುರಾಣ ಹೇಳುವ ವಿದ್ಯೆ ಕಲಿಯಲು ಕನ್ನಡ ನಾಡಿನ ಹುಡುಗರು ಅಷ್ಟು ದೂರ ಹುಡುಕಿಕೊಂಡು ಬರುತ್ತಿದ್ದರು. ಮುರಿಗೆಮ್ಮನವರು ಹೇಳಿದ ಕತೆಗಳನ್ನು ಮೊಮ್ಮಗಳು ಶಿವಲೀಲಾ ಬರೆದಿಡುತ್ತಿದ್ದಳು.

ಅಂದು ಬೆಳಿಗ್ಗೆ ಒಬ್ಬ ಹೆಂಗಸು ತಲೆಯ ಮೇಲೆ ಗಂಟು ಹೊತ್ತು ಬಂದು ಅಡಿವೆಪ್ಪನನ್ನು ವಿಚಾರಿಸಿದ್ದಳು. ಅವನು ಹೋಗಿ ಅವಳನ್ನು ಮುಂದಿನ ಜಗಲಿಯ ಮೇಲೆ ಕೂರಿಸಿ ಒಳಗೆ ಬಂದಿದ್ದ. ಯಾರು ಎಂದು ಜೊತೆಯ ಹುಡುಗರು ಕೇಳಿದಾಗ, "ನಮ್ಮೂರ ಕಡೆಯವರು. ಹೋಗುತ್ತಾರೆ" ಎಂದಿದ್ದ. ಬಿಸಿಲು ಏರಿದರೂ ಅವಳು ಹೋಗಿರಲಿಲ್ಲ. ಶಿವಲೀಲಾ ಅವಳಿಗೆ ನೀರು ಕೊಟ್ಟು, ಮಾತಾಡಿಸಿ ಬಂದು, ಅಜ್ಜಿಯ ಕಿವಿಯಲ್ಲಿ ಏನೋ ಹೇಳಿದ್ದಳು. ಆಮೇಲೆ ಹಿತ್ತಿಲ ಬೇವಿನ ಕಟ್ಟೆಯ ಮೇಲೆ ಪಾಠಕ್ಕೆ ಕುಳಿತಾಗಲೇ ಅಡಿವೆಪ್ಪ ಈ ಪ್ರಶ್ನೆ ಕೇಳಿದ್ದು.



"ಅತ್ತರು ಮೈಗೆ ಒಗ್ಗದೆ ಕೆಟ್ಟಾಗ ಒಂದು ವಾಸನೆ ಬರುತ್ತದೆ, ಅಡಿವೆಪ್ಪ. ಹಳೆಯ ಕೊಬ್ಬರಿಯನ್ನು ಮೂಸಿದ ಹಾಗೆ. ಅದಕ್ಕೆ ನಮ್ಮೂರಲ್ಲಿ ಒಂದು ಮಾತಿತ್ತು. ಮುಗ್ಗು... ಅಲ್ಲ, ಮುಗ್ಗು ಅನ್ನುವುದು ನೆಲದೊಳಗಿನ ಹಗೇವಿನ ಜೋಳಕ್ಕೆ. ನಮ್ಮವ್ವ ಎಣ್ಣೆಯ ಬಟ್ಟಲು ಮೂಸಿ ಅನ್ನುತ್ತಿದ್ದಳು. ನಾಲಿಗೆಯ ತುದಿಗೆ ಬಂದು ಹೋಗುತ್ತಿದೆ. ಇರಲಿ, ಕತೆ ಹೇಳುತ್ತ ಹೋದರೆ ತಾನೇ ಬರುತ್ತದೆ" ಎಂದು ಮುರಿಗೆಮ್ಮನವರು ಶುರುಮಾಡಿದರು.

ಒಂದು ಊರಿನಲ್ಲಿ ಒಬ್ಬ ಬಣ್ಣಗಾರನಿದ್ದ. ನೂಲಿಗೂ ಬಟ್ಟೆಗೂ ನೀಲಿ ಹಾಕುವುದು ಅವನ ಕಸುಬು. ನೀಲಿಯನ್ನು ದೊಡ್ಡ ಮಣ್ಣಿನ ಗುಡಾಣದಲ್ಲಿ ಹುಳಿ ಬರಿಸಿ ಇಡಬೇಕು. ಹುಳಿ ಬಂದ ನೀಲಿಗೆ ಕೆಟ್ಟ ನಾತ. ದಾರಿಹೋಕರು ಮೂಗು ಮುಚ್ಚಿಕೊಂಡು ಅವನ ಮನೆಯನ್ನು ದಾಟುತ್ತಿದ್ದರು. ಅವನ ಕೈ ಮೊಣಕೈಯವರೆಗೂ ನೀಲಿ. ಅವನಿಗೆ ಹೆಂಡತಿ ಇರಲಿಲ್ಲ, ಒಬ್ಬಳೇ ಮಗಳು. ಅವಳೂ ಅಪ್ಪನ ಜೊತೆ ಗುಡಾಣದಲ್ಲಿ ಕೈ ಅದ್ದಿಯೇ ಬೆಳೆದಳು.

ಆ ಮಗಳನ್ನು ಪಕ್ಕದ ಪೇಟೆಯ ಬಟ್ಟೆ ವ್ಯಾಪಾರಿಯೊಬ್ಬ ತನ್ನ ಮಗನಿಗೆ ತಂದುಕೊಂಡ. ಅದು ದೊಡ್ಡ ಮನೆ. ಆದರೂ ಅವಳನ್ನು ಯಾರೂ ಹೀನಾಯವಾಗಿ ಕಾಣಲಿಲ್ಲ. ಅವಳೇ ತನ್ನನ್ನು ಹಾಗೆ ಕಂಡುಕೊಂಡಳು. ಉಗುರಿನ ಸಂದಿಯಲ್ಲಿ ಉಳಿದ ನೀಲಿಯನ್ನು ದಿನವೂ ಕಡ್ಡಿಯಿಂದ ಕೆರೆಯುತ್ತಿದ್ದಳು. ಯಾರಾದರೂ ಹತ್ತಿರ ಬಂದರೆ ಕೈಯನ್ನು ಸೆರಗಿನೊಳಗೆ ಎಳೆದುಕೊಳ್ಳುತ್ತಿದ್ದಳು. ಯಾರಾದರೂ ಸೀನಿದರೂ ಅದು ತನ್ನಿಂದಲೇ ಎಂದುಕೊಳ್ಳುತ್ತಿದ್ದಳು.

ಅವಳ ಅತ್ತೆ ಕೇದಗೆಯ ಅತ್ತರು ಹಚ್ಚುತ್ತಿದ್ದಳು. ಮಿಂದು ಬಂದು ಮಣಿಕಟ್ಟಿಗೆ ಒಂದು ಹನಿ, ಅಷ್ಟೇ. ಅತ್ತೆ ಓಡಾಡಿದ ಕಡೆಯೆಲ್ಲ ಆಗತಾನೆ ಕೇದಗೆ ಅರಳಿದ ಹಾಗಿರುತ್ತಿತ್ತು. ದೊಡ್ಡ ಮನೆಯವರು ಅಂದರೆ ಹೀಗೆ ಘಮಘಮಿಸಬೇಕು ಎಂದು ಸೊಸೆಗೆ ಅನಿಸಿತು.

ಒಂದು ದಿನ ಧೈರ್ಯ ಮಾಡಿ ಕೇಳಿಯೇಬಿಟ್ಟಳು. "ಅತ್ತೆ, ನಾನೂ ಒಂದು ಹನಿ ಹಚ್ಚಿಕೊಳ್ಳಲೇ?"

"ಇದು ನನ್ನ ಮೈಗೆ ಒಗ್ಗಿದ್ದು, ಮಗಳೇ. ನಿನ್ನ ಮೈಗೆ ಬೇರೆ ಏನೋ ಒಗ್ಗೀತು. ಅತ್ತರಿನವನು ಬಂದಾಗ ಕೈಗೆ ಹಚ್ಚಿಸಿಕೋ. ಕೂಡಲೇ ಮೂಸಬೇಡ. ಒಲೆಯ ಮುಂದೆ ರೊಟ್ಟಿ ಬೇಯಿಸು, ಬೆವರು, ಆಮೇಲೆ ಮೂಸು. ಆಗಲೂ ಹಿತವಾಗಿದ್ದರೆ ಅದು ನಿನ್ನದು. ನನ್ನ ತಂಗಿ ಇದನ್ನೇ ಹಚ್ಚಿಕೊಂಡು ಗಾಣದ ಎತ್ತಿನ ಹಾಗೆ ನಾರುತ್ತಿದ್ದಳು" ಎಂದು ಅತ್ತೆ ನಕ್ಕಳು.

ಅತ್ತೆ ಹೇಳಿದ್ದು ಉಪಕಾರದ ಮಾತು. ಸೊಸೆಗೆ ಅದು ಚುಚ್ಚುಮಾತಾಗಿ ಕೇಳಿತು. ಬಣ್ಣಗಾರನ ಮಗಳ ಮೈಗೆ ಕೇದಗೆ ಎಲ್ಲಿಯ ಜೋಡಿ ಎಂದು ಅತ್ತೆ ಅಂದಳು ಎಂದೇ ಅವಳು ತಿಳಿದಳು. ಅಂದಿನಿಂದ ಅವಳಿಗೆ ಬೇರೆ ಯಾವ ಅತ್ತರೂ ಬೇಡವಾಯಿತು.

ಅತ್ತರಿನವನು ಬಂದ. ಪೆಟ್ಟಿಗೆ ತೆರೆದು ಪುಟ್ಟ ಸೀಸೆಗಳನ್ನು ಸಾಲಾಗಿ ಇಟ್ಟ. ಕಡ್ಡಿಯ ತುದಿಗೆ ಅರಳೆ ಸುತ್ತಿ, "ಕೈ ಚಾಚಿ, ತಾಯಿ. ಹಚ್ಚಿ ನೋಡೋಣ" ಎಂದ.

ಅವಳು ಕೈ ಚಾಚಲಿಲ್ಲ. ಉಗುರಿನಲ್ಲಿ ನೀಲಿ ಇತ್ತು.

"ನಮ್ಮ ಅತ್ತೆಗೆ ಕೊಡುತ್ತೀಯಲ್ಲ, ಅದನ್ನೇ ಕೊಡು" ಎಂದಳು.

"ಸೀಸೆಯೊಳಗೆ ಇರುವಾಗ ಎಲ್ಲವೂ ಒಳ್ಳೆಯ ಮಕ್ಕಳೇ, ತಾಯಿ. ಮನೆಯೊಳಗೆ ಬಂದ ಮೇಲೆ ತಾನೆ ಗುಣ ತಿಳಿಯುವುದು? ಕೈ ಚಾಚಿದರೆ ನನ್ನ ಗಂಟೇನು ಹೋಗುತ್ತದೆ, ನಿಮ್ಮ ಗಂಟೇನು ಹೋಗುತ್ತದೆ?"

"ನಿನ್ನ ಕೈಗೇ ಹಚ್ಚಿಕೊಂಡು ತೋರಿಸು."

ಅವನು ತನ್ನ ಮಣಿಕಟ್ಟಿಗೆ ಹಚ್ಚಿಕೊಂಡು ಮುಂದೆ ಹಿಡಿದ. ಅವಳು ಬಾಗಿ ಮೂಸಿದಳು. ಚೆನ್ನಾಗಿತ್ತು. ಕೊಂಡಳು.

ಹಚ್ಚಿಕೊಂಡ ಗಳಿಗೆಯಲ್ಲಿ ಅವಳಿಗೂ ಅದು ಕೇದಗೆಯಾಗಿಯೇ ಇತ್ತು. ಕೆಲಸಕ್ಕೆ ಇಳಿದು ಮೈ ಬಿಸಿಯಾದಾಗ ಅದರ ಗುಣ ತಿರುಗಿತು. ಆದರೆ ನಮ್ಮ ಮೂಗು ನಮ್ಮ ಮೈಯ ವಾಸನೆಗೆ ಬೇಗ ಒಗ್ಗಿಬಿಡುತ್ತದೆ. ಕೇದಗೆ ಆರಿಹೋಯಿತು ಎಂದುಕೊಂಡು ಅವಳು ಇನ್ನೊಂದು ಹನಿ ಹಚ್ಚುತ್ತಿದ್ದಳು. ಆಮೇಲೆ ಕುತ್ತಿಗೆಗೆ, ಆಮೇಲೆ ಕಿವಿಯ ಹಿಂದೆ. ಮನೆಯವರಿಗೆ ಗೊತ್ತಾಗುತ್ತಿತ್ತು. ಅವಳು ಬಸುರಿ. ಈ ಹೊತ್ತಿನಲ್ಲಿ ಮನಸ್ಸು ನೋಯಿಸುವುದು ಬೇಡವೆಂದು ಯಾರೂ ಹೇಳಲಿಲ್ಲ.

ಬಸುರಿಗೆ ಹಸಿರು ಸೀರೆ ಉಡಿಸಿ, ಬಳೆ ತೊಡಿಸಿ, ಆರತಿ ಎತ್ತುವ ಕುಬಸದ ದಿನ ಬಂತು. ಹಸಿರು ಸೀರೆ ತವರಿನಿಂದಲೇ ಬರಬೇಕು. ತಾಯಿಯಿಲ್ಲದ ಮಗಳಿಗೆ ಸೀರೆ ಹೊತ್ತು ತರುವವರು ಯಾರು? ಅಪ್ಪನೇ ತಂದ. ಬೇರೆ ಯಾರಿಂದಲೋ ಕೊಂಡದ್ದಲ್ಲ. ಬಿಳಿಯ ಸೀರೆಯನ್ನು ಅರಿಶಿನದಲ್ಲಿ ಅದ್ದಿ ಒಣಗಿಸಿ, ಆಮೇಲೆ ನೀಲಿಯ ಗುಡಾಣದಲ್ಲಿ ಮುಳುಗಿಸಿ ಎತ್ತಿದರೆ ಹಸಿರು ಏಳುತ್ತದೆ. ಹಾಗೆ ತನ್ನ ಕೈಯಾರೆ ಎಬ್ಬಿಸಿದ ಹಸಿರು. ಅದನ್ನು ಮಡಿಲಲ್ಲಿ ಇಟ್ಟುಕೊಂಡು ಅವನು ಪಡಸಾಲೆಯ ಮೂಲೆಯಲ್ಲಿ ಕುಳಿತ.

ಪೇಟೆಯ ಹೆಂಗಸರೆಲ್ಲ ಬಂದು ತುಂಬಿಕೊಂಡರು. ಮಗಳು ಅಂದು ಸೀಸೆಯನ್ನೇ ಬಗ್ಗಿಸಿಕೊಂಡು ಬಂದು ಅವರ ನಡುವೆ ಕುಳಿತಿದ್ದಳು. ಸೆಕೆಯ ದಿನ. ಸ್ವಲ್ಪ ಹೊತ್ತಿಗೆ ಒಬ್ಬಳು ಸೆರಗನ್ನು ಮೂಗಿಗೆ ಹಿಡಿದಳು. ಇನ್ನೊಬ್ಬಳು ಪಕ್ಕಕ್ಕೆ ಸರಿದಳು. ಅವರಲ್ಲಿ ವಯಸ್ಸಾದವಳೊಬ್ಬಳು ಗಟ್ಟಿಯಾಗಿಯೇ ಅಂದಳು, "ಏನೇ ಇದು ಕಮಟು ವಾಸನೆ? ಎಲ್ಲಾದರೂ ಹಳೆಯ ಎಣ್ಣೆ ಚೆಲ್ಲಿದೆಯೇನು?"

"ಹಾಂ, ಕಮಟು. ಅದೇ ಮಾತು" ಎಂದು ಮುರಿಗೆಮ್ಮನವರು ಒಂದು ಗಳಿಗೆ ನಿಂತರು. ಮತ್ತೆ ಮುಂದುವರಿಸಿದರು.

ಕಮಟು ವಾಸನೆ ಎಂದ ಕೂಡಲೇ ಮಗಳ ಕಣ್ಣು ಹೋದದ್ದು ಅಪ್ಪನ ಕೈಯ ಮೇಲೆ. ಇಷ್ಟು ದಿನ ಮುಚ್ಚಿಟ್ಟದ್ದು ಇಂದು ಎಲ್ಲರ ಮುಂದೆ ಬಯಲಾಯಿತು ಎಂದುಕೊಂಡಳು. ಎದ್ದು ಅಪ್ಪನ ಬಳಿ ಹೋಗಿ, ಪಿಸುದನಿಯಲ್ಲಿ ಹೇಳಿದಳು. "ಅಪ್ಪ, ನೀನು ಸ್ವಲ್ಪ ಹಿತ್ತಿಲ ಕಡೆ ಕುಳಿತಿರು. ಜನ ಬಂದಿದ್ದಾರೆ."

ಅವನು ತನ್ನ ಕೈ ನೋಡಿಕೊಂಡ. "ಸೀಗೆ ಹಾಕಿ ಉಜ್ಜಿಕೊಂಡೇ ಬಂದೆ, ತಾಯಿ. ಕೈಯದು ಹೋಗಲಿಲ್ಲ. ಸೀರೆಯನ್ನು ಮಾತ್ರ ಹರಿಯುವ ನೀರಿನಲ್ಲಿ ಜಾಲಿಸಿ ಬಿಸಿಲಿಗೆ ಹಾಕಿದ್ದೇನೆ. ಅದಕ್ಕೆ ವಾಸನೆ ಇಲ್ಲ. ಬೇಕಾದರೆ ಮೂಸಿ ನೋಡು."

ಅವಳು ಮೂಸಲಿಲ್ಲ. ಹಿಂದಕ್ಕೆ ತಿರುಗಿ ಯಾರಾದರೂ ನೋಡುತ್ತಿದ್ದಾರೆಯೇ ಎಂದು ನೋಡಿದಳು. ಅಷ್ಟರಲ್ಲಿ ಅವನಿಗೆ ಎಲ್ಲ ತಿಳಿಯಿತು. ಹಿತ್ತಿಲಿಗೆ ಹೋದವನು ಅಲ್ಲಿ ಕುಳಿತುಕೊಳ್ಳಲಿಲ್ಲ. ಸೀರೆಯನ್ನು ಹಿತ್ತಿಲ ಬಾಗಿಲ ಹೊಸ್ತಿಲ ಮೇಲೆ ಇಟ್ಟು, ಉಣ್ಣದೆ ಹೊರಟುಹೋದ.

ಒಳಗಿನಿಂದ ಅತ್ತೆ ಕೂಗಿದಳು. "ತವರಿನ ಸೀರೆ ಎಲ್ಲಿ, ಮಗಳೇ? ತಾ, ಉಡಿಸೋಣ. ನಿನ್ನ ಅಪ್ಪನನ್ನೂ ಕರೆ."

ಮಗಳು ಹಿತ್ತಿಲ ಬಾಗಿಲಿಗೆ ಬಂದಳು. ಅಪ್ಪ ಇರಲಿಲ್ಲ. ಸೀರೆ ಇತ್ತು. ಇದನ್ನು ಹೀಗೆಯೇ ಒಳಗೆ ಒಯ್ದರೆ ಇನ್ನೇನು ಮಾತು ಬರುತ್ತದೋ ಎಂದು ಹೆದರಿ, ಅದನ್ನು ಎತ್ತಿ ಮುಖಕ್ಕೆ ಹಿಡಿದಳು. ಬಿಸಿಲಿನ ವಾಸನೆ, ಅರಿಶಿನದ ವಾಸನೆ. ಬೇರೆ ಏನೂ ಇರಲಿಲ್ಲ. ಅವಳು ಅದರಲ್ಲಿ ಮುಖವಿಟ್ಟು ಬಹಳ ಹೊತ್ತು ಉಸಿರೆಳೆದಳು. ಸೀರೆಯನ್ನು ಕೆಳಗೆ ಇಳಿಸಿದಾಗ ಮೂಗು ತೊಳೆದ ಹಾಗಿತ್ತು. ಆಗ ಕಮಟು ಬಂತು. ಅಪ್ಪ ಹೋಗಿ ಆಗಿತ್ತು. ಸೀರೆಯಲ್ಲಿ ಇರಲಿಲ್ಲ. ಅವಳು ಮೆಲ್ಲಗೆ ತನ್ನ ಮಣಿಕಟ್ಟನ್ನು ಮೂಗಿನ ಬಳಿ ತಂದಳು.

ಬಾವಿಕಟ್ಟೆಗೆ ಓಡಿ, ಕೈ, ಕುತ್ತಿಗೆ, ಕಿವಿ ಎಲ್ಲವನ್ನೂ ಚರ್ಮ ಕೆಂಪಾಗುವವರೆಗೆ ತಿಕ್ಕಿದಳು. ಹಸಿರು ಸೀರೆ ಉಟ್ಟು ಒಳಗೆ ಬಂದು ಕುಳಿತಳು. ಹೆಂಗಸರ ಸೆರಗು ಮೂಗಿನಿಂದ ಇಳಿಯಿತು. ಬಳೆ ತೊಡಿಸಿದರು. ಹಾಡು ಹೇಳಿದರು. ಆ ವಯಸ್ಸಾದವಳು ಅಂದಳು, "ಸದ್ಯ, ಕಮಟು ಹೋಯಿತು. ಮೂಲೆಯಲ್ಲಿ ಕುಳಿತಿದ್ದನಲ್ಲ, ಆ ನೀಲಿ ಕೈಯವನು, ಅವನದೇ ಇರಬೇಕು."

ಎಲ್ಲರೂ ಹೌದು ಹೌದು ಎಂದರು. ಅತ್ತೆ ಸೊಸೆಯ ಕೆಂಪಾದ ಮಣಿಕಟ್ಟನ್ನು ನೋಡಿದಳು, ಅವಳ ಮುಖವನ್ನು ನೋಡಿದಳು. ಸೊಸೆ ಬಾಯಿ ತೆರೆದು ಒಂದೇ ಮಾತು ಹೇಳಿದ್ದರೆ ಅಪ್ಪನ ಮರ್ಯಾದೆ ಉಳಿಯುತ್ತಿತ್ತು. ಅವಳು ಬಾಯಿ ತೆರೆಯಲಿಲ್ಲ. ಆರತಿಯ ತಟ್ಟೆ ಅವಳ ಮುಖದ ಮುಂದೆ ಸುತ್ತುತ್ತಿತ್ತು. ಅವಳು ತಲೆ ತಗ್ಗಿಸಿದಳು. ನಾಚಿಕೊಂಡಳು ಎಂದು ಹೆಂಗಸರು ನಕ್ಕರು.

ಮಾರನೆಯ ದಿನ ಅವಳು ತವರಿಗೆ ಹೋದಳು. ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡಳು. ಅಪ್ಪ ಗುಡಾಣದಲ್ಲಿ ಕೈ ಇಳಿಬಿಟ್ಟುಕೊಂಡು ನಿಂತಿದ್ದ. ಮಗಳನ್ನು ಕಂಡು ಅವನ ಮುಖ ಅರಳಿತು. ಕೂಡಲೇ ಹಿಂದೆ ಸರಿದ.

"ಹತ್ತಿರ ಬರಬೇಡ, ತಾಯಿ. ಸೀರೆಗೆ ಸಿಡಿದೀತು. ಅಲ್ಲೇ ನಿಲ್ಲು" ಎಂದ.

ಅವಳು ಅಲ್ಲೇ ನಿಂತಳು.

ಅಪ್ಪನೇ ಮೊದಲು ಕೇಳಿದ. ಹಂಗಿಸುವುದಕ್ಕಲ್ಲ. ಮಗಳ ಮನೆಯ ಕಾರ್ಯ ಹೇಗಾಯಿತೋ ಎಂಬ ಕಳವಳ ಅವನಿಗೆ ರಾತ್ರಿಯೆಲ್ಲ ಇತ್ತು.

"ನಾನು ಅಲ್ಲಿಂದ ಎದ್ದು ಬಂದ ಮೇಲೆ ವಾಸನೆ ಹೋಯಿತೇ, ತಾಯಿ?"

ಮುರಿಗೆಮ್ಮನವರು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು.

ಹುಡುಗರು ಕಾದರು. ಅಡಿವೆಪ್ಪ ಬೇವಿನ ಒಣಗಿದ ಎಲೆಯೊಂದನ್ನು ಎತ್ತಿಕೊಂಡು ಪುಡಿ ಮಾಡುತ್ತಿದ್ದ. ಕೊನೆಗೆ ತಲೆ ಎತ್ತದೆ ಕೇಳಿದ.

"ಮಗಳು ಏನೆಂದಳು, ತಾಯಿ?"

ಮುರಿಗೆಮ್ಮನವರು ಮೊಮ್ಮಗಳ ಕಡೆ ತಿರುಗಿದರು.

"ಬರೆದುಕೋ, ಶಿವಲೀಲಾ; ಮಗಳ ಉತ್ತರಕ್ಕೆ ಮಾತ್ರ ಜಾಗ ಬಿಡು, ಬೆಳಗಿನಿಂದ ನಮ್ಮ ಜಗಲಿಯ ಮೇಲೆ ಕುಳಿತಿರುವ ತನ್ನ ಅಕ್ಕನಿಗೆ ಅಡಿವೆಪ್ಪ ಈಗ ಹೋಗಿ ಏನೆನ್ನುತ್ತಾನೋ ಅದನ್ನೇ ಅಲ್ಲಿ ಬರೆಯೋಣ."