ಹುಣಸೆಹಣ್ಣು ಹಾಕಿ ತಿಕ್ಕಿದ ಬಿಲ್ಲೆ

ಮಠದ ಶಿಷ್ಯ ಚನ್ನಮಲ್ಲ ಗುರುಗಳ ಮುಂದೆ ಬಂದು ಕೂತು ಕೇಳಿದ: "ಬುದ್ಧಿ, ಹನ್ನೊಂದು ವರ್ಷ ಕಾಪಾಡಿಕೊಂಡು ಬಂದದ್ದು ಒಂದು ಗಳಿಗೆಯಲ್ಲಿ ಹೋಯಿತು. ಹಾಗೆ ಹೋದದ್ದು ಮತ್ತೆ ಬರುತ್ತದೆಯೇ?"

ಹಿಂದಿನ ದಿನ ಅವನು ಮಠದ ವಯಸ್ಸಾದ ಅಡುಗೆಯವನ ಮೇಲೆ ಎಲ್ಲರೆದುರು ಕೂಗಾಡಿದ್ದ. ಸಾರಿಗೆ ಎರಡು ಸಲ ಉಪ್ಪು ಬಿದ್ದಿತ್ತು, ಅಷ್ಟೇ ಕಾರಣ. ಮಠ ಸೇರಿದ ಮೇಲೆ ಯಾರ ಮೇಲೂ ದನಿ ಏರಿಸಿದವನಲ್ಲ. ಅವನ ತಾಳ್ಮೆಯನ್ನು ಊರೇ ಹೊಗಳುತ್ತಿತ್ತು. ಈಗ ಬಟ್ಟೆಬರೆ ಗಂಟು ಕಟ್ಟಿ ಬಾಗಿಲ ಬಳಿ ಇಟ್ಟು ಬಂದಿದ್ದ. ನಿನ್ನೆಯಿಂದ ಊಟವನ್ನೂ ಮಾಡಿರಲಿಲ್ಲ. ಗುರುಗಳು ಗಂಟಿನ ಕಡೆ ಒಮ್ಮೆ ನೋಡಿದರು. ಆಮೇಲೆ ಕತೆ ಶುರುಮಾಡಿದರು.

ಒಬ್ಬ ಪಾತ್ರೆ ವ್ಯಾಪಾರಿ ಇದ್ದ. ಅವನಿಗೊಂದು ಹುಚ್ಚು. ಜಪಾನ್ ದೇಶದ ಹಳೆಯ ಕತ್ತಿಗಳ ಬಿಡಿಭಾಗಗಳನ್ನು ಕೂಡಿಡುವುದು. ಮನೆಯಲ್ಲಿ ಕತ್ತಿ ಒಂದೂ ಇಲ್ಲ. ಹಿಡಿಗೂ ಅಲಗಿಗೂ ನಡುವೆ ಕೂರುವ ಅಂಗೈಯಗಲದ ಬಿಲ್ಲೆಗಳು, ಹಿಡಿಯ ತುದಿಗೆ ಹಾಕುವ ಟೊಪ್ಪಿಗೆಗಳು, ಅವೇ ಅವನ ಆಸ್ತಿ. ಮದುಮಗನೇ ಇಲ್ಲದ ಮನೆಯಲ್ಲಿ ಬಾಸಿಂಗ ಕೂಡಿಟ್ಟ ಹಾಗಾಯಿತು ಎಂದು ಹೆಂಡತಿ ನಗುತ್ತಿದ್ದಳು. ಅವನು ಮಾತ್ರ ಬಿಡುವು ಸಿಕ್ಕಾಗೆಲ್ಲ ಒಂದೊಂದನ್ನೇ ಬಿಳಿ ಬಟ್ಟೆಯ ಮೇಲಿಟ್ಟು, ಹೊತ್ತು ಹೋದದ್ದೇ ತಿಳಿಯದೆ ನೋಡುತ್ತಿದ್ದ.

ನೋಡುವುದನ್ನು ಅವನಿಗೆ ಕಲಿಸಿದವನು, ವ್ಯಾಪಾರಕ್ಕೆಂದು ಹಡಗಿನಲ್ಲಿ ಅಲ್ಲಿಗೆ ಹೋದಾಗ ಪರಿಚಯವಾದ ಆ ದೇಶದ ಒಬ್ಬ ಮುದುಕ. ಅಂಚನ್ನು ಬಟ್ಟೆಯಿಂದ ಹಿಡಿಯಬೇಕು, ಬರಿಗೈ ತಾಕಿಸಬಾರದು, ನೋಡುವಾಗ ಮಾತಾಡಬಾರದು ಎಂದು ಹೇಳಿಕೊಟ್ಟಿದ್ದ. ಮೆಚ್ಚಿದ ಗೆಳೆಯನಿಗೆ ತನ್ನದೊಂದು ಬಿಲ್ಲೆಯನ್ನು ಒಂದು ವರ್ಷ ನೋಡಲು ಕೊಡುವುದು ಮುದುಕನ ರೂಢಿ. ವ್ಯಾಪಾರಿಗೆ ಕೊಟ್ಟದ್ದು ಮುದುಕನ ಮುತ್ತಾತನ ಕಾಲದ್ದು. ಗಾಢ ಕಪ್ಪು, ಅದರ ಮೇಲೆ ಚಿನ್ನದ ಎರಡು ಹಕ್ಕಿ. ಇಷ್ಟು ನಂಬಿ ತನಗೆ ಯಾರೂ ಏನನ್ನೂ ಕೊಟ್ಟಿರಲಿಲ್ಲ ಎಂದು ವ್ಯಾಪಾರಿ ಹಿಗ್ಗಿದ್ದ.

ಆಯುಧಪೂಜೆ ಬಂತು. ಅವನು ತಕ್ಕಡಿ, ಕತ್ತರಿ, ಸುತ್ತಿಗೆ ಎಲ್ಲವನ್ನೂ ತೊಳೆದು ಸಾಲಾಗಿ ಇಟ್ಟ. ಬಿಲ್ಲೆಯೂ ಆಯುಧದ್ದೇ ಅಲ್ಲವೇ ಎಂದು ಅದನ್ನೂ ತಂದ. ಅಂಚಿನಲ್ಲಿ ಸಾಸಿವೆಯಷ್ಟು ಕಿಲುಬು ಕಂಡಿತು. ಕಬ್ಬಿಣದ ಬಿಲ್ಲೆಯಾದರೆ ಅದರ ತುಕ್ಕನ್ನು ಮುಟ್ಟಬಾರದೆಂದು ಅವನಿಗೆ ಗೊತ್ತಿತ್ತು. ಆದರೆ ಇದು ತಾಮ್ರ, ತಾಮ್ರ ತನ್ನ ಮನೆಯ ವಿದ್ಯೆ ಎಂದುಕೊಂಡ. ಮೂರು ತಲೆಮಾರಿನಿಂದ ಪಾತ್ರೆ ಮಾರಿದ ಕೈ, ಕಿಲುಬು ಕಂಡರೆ ಸುಮ್ಮನಿರುತ್ತದೆಯೇ? ಚೂರು ಹುಣಸೆಹಣ್ಣು ತೆಗೆದುಕೊಂಡು ಅಷ್ಟನ್ನೇ ತಿಕ್ಕಿದ. ಕಿಲುಬಿನ ಜೊತೆಗೆ ಕಪ್ಪೂ ಹೋಗಿ ಆ ಜಾಗ ಹೊಳೆಯಿತು. ಒಂದು ಕಡೆ ಮಾತ್ರ ಹೊಳೆದರೆ ವಿಕಾರವೆಂದು ಪಕ್ಕದಲ್ಲಿ ತಿಕ್ಕಿದ. ಅದನ್ನು ಸರಿದೂಗಿಸಲು ಇನ್ನಷ್ಟು. ಕೊನೆಗೆ ಅವನ ಕೈಯಲ್ಲಿ ಉಳಿದದ್ದು ಅಂಗಡಿಯ ತಂಬಿಗೆಯಂತೆ ಫಳಫಳಿಸುವ ತಾಮ್ರ. ಚಿನ್ನದ ಹಕ್ಕಿಗಳು ಎಲ್ಲಿವೆಯೆಂದು ಹುಡುಕಬೇಕಾಯಿತು.

ಮುದುಕನಿಗೆ ಯಾವ ಮುಖ ತೋರಿಸಲಿ ಎಂದು ಕೊರಗಿದ. ಆಮೇಲೆ ಕೆಟ್ಟ ಯೋಚನೆಯೊಂದು ಬಂತು. ಕಾಡಿಗೆಯನ್ನು ಹರಳೆಣ್ಣೆಯಲ್ಲಿ ಕಲಸಿ ಬಿಲ್ಲೆಗೆ ಬಳಿದ. ದೂರದಿಂದ ನೋಡಿದರೆ ಮೊದಲಿನಂತೆಯೇ ಇತ್ತು. ಬಟ್ಟೆಯಿಂದ ಅಂಚು ಹಿಡಿದು ಎತ್ತಿದ. ಬಟ್ಟೆಯೆಲ್ಲ ಕಪ್ಪಾಯಿತು, ಅಂಚು ಕೆಂಪಗೆ ಕಂಡಿತು. ತನ್ನ ಮೇಲೆಯೇ ಹೇಸಿಗೆಯಾಗಿ ಅದನ್ನೆಲ್ಲ ಒರೆಸಿ ಹಾಕಿ, ಬಿಲ್ಲೆಯನ್ನು ಗಂಟು ಕಟ್ಟಿಕೊಂಡು ಹಡಗು ಹತ್ತಿದ.

ಮುದುಕನ ಮನೆಯಲ್ಲಿ ಗಂಟು ಬಿಚ್ಚುವ ಮೊದಲೇ ಹೇಳಿಬಿಟ್ಟ: "ಹುಣಸೆಹಣ್ಣು ಹಾಕಿ ತಿಕ್ಕಿಬಿಟ್ಟೆ. ಆಮೇಲೆ ಕಾಡಿಗೆ ಬಳಿದು ನಿಮ್ಮ ಕಣ್ಣಿಗೆ ಮಣ್ಣೆರಚಲೂ ನೋಡಿದೆ. ನಿಮ್ಮ ಮುತ್ತಾತನ ಕಪ್ಪನ್ನು ನಾನು ಕಳೆದೆ."

ಮುದುಕ ಬಿಲ್ಲೆಯನ್ನು ಎರಡೂ ಕಡೆ ತಿರುಗಿಸಿ ಬಹಳ ಹೊತ್ತು ನೋಡಿದ. ಬಟ್ಟೆ ಮುಟ್ಟಲಿಲ್ಲ. ಬರಿಗೈಯಲ್ಲೇ ಅದನ್ನು ಎತ್ತಿ ವ್ಯಾಪಾರಿಯ ಅಂಗೈಯಲ್ಲಿಟ್ಟು ಬೆರಳುಗಳನ್ನು ಮಡಚಿದ.

"ಆ ಕಪ್ಪು ಮೇಲೆ ಬಳಿದದ್ದಲ್ಲ," ಎಂದ. "ತಾಮ್ರ ಕರಗಿಸುವಾಗಲೇ ಚೂರು ಚಿನ್ನ ಬೆರೆಸಿದ್ದಾರೆ. ಕಪ್ಪು ಬಂದದ್ದು ಆ ಬೆರಕೆಯಿಂದ. ನೀವು ತೆಗೆದದ್ದು ಮೇಲಿನದು, ಚಿನ್ನ ಒಳಗೇ ಇದೆ. ಜೇಬಿನಲ್ಲಿ ಇಟ್ಟುಕೊಂಡು ದಿನವೂ ಕೈಯಲ್ಲಿ ಹಿಡಿಯಿರಿ, ಕೈಯ ಬಿಸಿಗೂ ಬೆವರಿಗೂ ಕಪ್ಪು ತಾನಾಗಿ ಮತ್ತೆ ಬರುತ್ತದೆ. ಅವಸರ ಮಾತ್ರ ಮಾಡಬೇಡಿ."

ಬೈದಿದ್ದರೆ ವ್ಯಾಪಾರಿ ತಡೆದುಕೊಳ್ಳುತ್ತಿದ್ದ. ಈ ಮಾತಿಗೆ ಅವನಿಗೆ ಅಳು ಬಂತು. ದಾರಿಯುದ್ದಕ್ಕೂ ಹೊತ್ತು ತಂದ ಭಾರ ಅಲ್ಲೇ ಅರ್ಧ ಇಳಿಯಿತು.

ಊರಿಗೆ ಬಂದು ಹೇಳಿದ ಹಾಗೆಯೇ ಮಾಡಿದ. ಗಿರಾಕಿಯೊಡನೆ ಮಾತಾಡುವಾಗ ಒಂದು ಕೈ ಜೇಬಿನಲ್ಲೇ ಇರುತ್ತಿತ್ತು. ಮೊದಲ ತಿಂಗಳು ಏನೂ ಆಗಲಿಲ್ಲ. ಎರಡನೆಯ ತಿಂಗಳೂ ಇಲ್ಲ. ಆಮೇಲೆ ತಾಮ್ರ ಮಂಕಾಯಿತು, ಮಳೆಗಾಲದ ಹೊತ್ತಿಗೆ ಹುರಿದ ಕಾಫಿಬೀಜದ ಬಣ್ಣಕ್ಕೆ ತಿರುಗಿತು. ಎರಡನೆಯ ವರ್ಷ, ಒಂದು ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆದು ಬಿಲ್ಲೆಯನ್ನು ಹೊರತೆಗೆದಾಗ ಎರಡು ಹಕ್ಕಿಗಳೂ ಕಪ್ಪಿನ ಮೇಲೆ ಸ್ಪಷ್ಟವಾಗಿ ಕಂಡವು. ಅವನು ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟ. ಅಷ್ಟು ದಿನದ ಮೇಲೆ ನೆಮ್ಮದಿಯಾಗಿ ಉಸಿರಾಡಿದ. ಬಿಲ್ಲೆಯನ್ನು ಹಿಂದಿರುಗಿಸಲು ಹೋದಾಗ ಮುದುಕ ನೋಡಿ, ಇನ್ನೊಂದು ವರ್ಷ ನಿಮ್ಮಲ್ಲೇ ಇರಲಿ ಎಂದ.

ಗುರುಗಳು ಕತೆ ನಿಲ್ಲಿಸಿದರು. ಚನ್ನಮಲ್ಲನ ಮುಖ ಸ್ವಲ್ಪ ತಿಳಿಯಾಗಿತ್ತು, ಆದರೆ ಅನುಮಾನ ಬಿಟ್ಟಿರಲಿಲ್ಲ.

"ಆ ತಾಮ್ರದಲ್ಲಿ ಚಿನ್ನ ಬೆರೆತಿತ್ತು, ಬುದ್ಧಿ. ನನ್ನ ತಾಳ್ಮೆ ಬರೀ ಕಾಡಿಗೆ ಬಳಿದದ್ದಾಗಿದ್ದರೆ?"

ಗುರುಗಳು ಹೇಳಿದರು: "ಬಳಿದದ್ದಾಗಿದ್ದರೆ, ಅದು ಹೋಯಿತೆಂದು ನೀನು ನಿನ್ನೆಯಿಂದ ಊಟ ಬಿಡುತ್ತಿದ್ದೆಯಾ?"