ಅರವತ್ತು ಮಾರು ಹಗ್ಗ

ಮುಳುಗಿದ ಹಡಗಿನ ಒಳಗೆ ಹೋಗುವ ಮೊದಲು ಮೂರು ಸಲ ತಟ್ಟಬೇಕು ಎಂದು ಕಲಿಸುತ್ತಿದ್ದ ಗುರು ನಮ್ಮ ಕರಾವಳಿಯಲ್ಲಿ ಒಬ್ಬರೇ. ಅವರು ದುಗ್ಗಯ್ಯ ತಾಂಡೇಲರು.

"ತಟ್ಟಿ, ಹತ್ತು ಉಸಿರು ಕಾಯಿರಿ. ಒಳಗಿಂದ ಉತ್ತರ ಬಂದ್ರೆ ತಿರುಗಿ ಬನ್ನಿ" ಎನ್ನುತ್ತಿದ್ದರು.

ಶಿಷ್ಯರು ನಗುತ್ತಿದ್ದರು. "ತುಕ್ಕು ಹಿಡಿದ ಕಬ್ಬಿಣ ಅದು ಗುರುಗಳೇ. ಅದಕ್ಕೆಂತ ತಟ್ಟುದು?"

"ಮನೆಯವರನ್ನು ಕೇಳದೆ ಒಳಗೆ ನುಗ್ಗುದು ಯಾವ ಊರಿನ ಮರ್ಯಾದೆ?"

ಹಡಗು ದೂರವೇನಿರಲಿಲ್ಲ. ಕರಿಬಂಡೆಯಿಂದ ಇಳಿದು ನಲವತ್ತು ಮಾರು ಈಜಬೇಕು, ಆಮೇಲೆ ಎಂಟಾಳು ಆಳ. ಅಜ್ಜಂದಿರ ಕಾಲದಲ್ಲಿ ಮುಳುಗಿದ್ದು. ಅದರಲ್ಲಿ ಎಷ್ಟು ಜನ ಇದ್ದರು, ಎಷ್ಟು ಜನ ದಡ ಸೇರಿದರು, ಯಾರಿಗೂ ಸರಿಯಾಗಿ ಗೊತ್ತಿಲ್ಲ.

ಇಳಿಯುವವರ ಬೆನ್ನಿಗೆ ಗಾಳಿಯ ಸಿಲಿಂಡರ್, ಸೊಂಟಕ್ಕೆ ಹಗ್ಗ. ಹಗ್ಗದ ಇನ್ನೊಂದು ತುದಿ ಬಂಡೆಯ ಮೇಲೆ ಕೂತವರ ಕೈಯಲ್ಲಿ. ಒಂದು ಸಲ ಎಳೆದರೆ 'ಇದ್ದೀಯಾ?' ಎಂದು ಅರ್ಥ. ತಿರುಗಿ ಒಂದು ಸಲ ಎಳೆದರೆ 'ಇದ್ದೇನೆ'.

ಹಗ್ಗ ಅರವತ್ತು ಮಾರು. ಒಂದು ಗೇಣು ಹೆಚ್ಚು ಕೇಳಿದರೂ ತಾಂಡೇಲರು ಕೊಡುತ್ತಿರಲಿಲ್ಲ.

"ತಿರುಗಿ ಬರ್ಲಿಕ್ಕೆ ಗಾಳಿ ಬೇಡ್ವಾ? ಹಗ್ಗ ಮುಗಿದಲ್ಲಿ ಹಡಗೂ ಮುಗೀತು ಅಂತ ತಿಳ್ಕೊಳ್ಳಿ."

ಅವರ ಬಳಿಗೆ ವನಜಾ ಬಂದಳು. ಕಲಿಯಲಿಕ್ಕೆ ಬಂದೆ ಎಂದಳು. ಸುಳ್ಳು.

ಏಳು ವರ್ಷದ ಹಿಂದೆ ಅವಳ ಅಣ್ಣ ಜಟ್ಟಪ್ಪ ಇದೇ ಗುರುಗಳ ಶಿಷ್ಯನಾಗಿದ್ದ. ಆ ಹಡಗಿಗೆ ಇಳಿದವ ಮೇಲೆ ಬರಲಿಲ್ಲ. ಹೆಣವೂ ಸಿಗಲಿಲ್ಲ.

"ಆ ಮುದುಕ ಹಗ್ಗ ಬಿಟ್ಟ" ಎಂದು ಅಮ್ಮ ಎದೆ ಬಡಿದುಕೊಂಡಳು. ಊರೂ ಅದನ್ನೇ ಹೇಳಿತು. ಊರ ಬಾಯಿಗೆ ಬೀಗ ಹಾಕಲಿಕ್ಕೆ ಆಗುತ್ತದಾ? ತಾಂಡೇಲರು ಹೌದು ಅನ್ನಲಿಲ್ಲ, ಅಲ್ಲ ಅನ್ನಲೂ ಇಲ್ಲ.

ಅಮ್ಮ ಮಗನ ಉತ್ತರಕ್ರಿಯೆ ಮಾಡಲು ಬಿಟ್ಟಿಲ್ಲ. ಈಗಲೂ ದಿನಾ ಅವನ ಬಟ್ಟಲನ್ನು ತೊಳೆದು ಎಲ್ಲರ ಬಟ್ಟಲಿನ ಜೊತೆ ಇಡುತ್ತಾಳೆ. ಹಗ್ಗ ಬಿಟ್ಟದ್ದು ಯಾರು ಎಂದು ತಿಳಿಯದೆ ಆ ಮನೆಯಲ್ಲಿ ಯಾರಿಗೂ ಅನ್ನ ಸೇರುವುದಿಲ್ಲ. ವನಜಾ ಬಂದದ್ದು ಅದಕ್ಕೆ.

"ಜಟ್ಟಪ್ಪನ ತಂಗಿ ಅಲ್ವಾ ನೀನು?" ಎಂದು ತಾಂಡೇಲರು ಕೇಳಿದರು.

"ಹೌದು."

"ಒಂದು ವರ್ಷ ನೀನು ಹಡಗಿಗೆ ಇಳಿಯುದು ಬೇಡ. ನಾನು ಇಳಿತೇನೆ. ನೀನು ಹಗ್ಗ ಹಿಡಿ."

ಎಂಥಾ ಮನುಷ್ಯ ನೋಡಿ! ತನ್ನನ್ನು ಕೊಲೆಗಾರ ಎಂದುಕೊಂಡವಳ ಕೈಗೆ ತನ್ನ ಜೀವ ಕೊಟ್ಟು ನೀರಿಗಿಳಿದರು.

ಬಂಡೆಗೆ ಹೊಡೆದ ಕಬ್ಬಿಣದ ಬಳೆಗೆ ಇನ್ನೊಂದು ಹಗ್ಗ ಕಟ್ಟಿತ್ತು. ಹಳೆಯದು, ಪಾಚಿ ಹಿಡಿದದ್ದು. ಅದೂ ಸಮುದ್ರದೊಳಕ್ಕೆ ಹೋಗಿತ್ತು.

"ಇದು ಯಾರದ್ದು ಗುರುಗಳೇ?"

"ನಿನ್ನ ಕೈಯಲ್ಲಿರುವ ಹಗ್ಗ ನೋಡ್ಕೊ."

ಒಂದು ದಿನ ವನಜಾಳಿಗೆ ಸಿಟ್ಟು ನೆತ್ತಿಗೇರಿತು. ಹಿಂದಿನ ದಿನವಷ್ಟೇ ಅಮ್ಮ ಆ ಬಟ್ಟಲು ಹಿಡಿದುಕೊಂಡು ಅತ್ತಿದ್ದಳು. ಗುರುಗಳು ಕೆಳಗಿದ್ದಾಗ ಅವಳು ಹಗ್ಗವನ್ನು ಕೈಯಿಂದ ಬಂಡೆಯ ಮೇಲೆ ಇಟ್ಟಳು.

ಹಗ್ಗ ಒಂದು ಸಲ ಜಗ್ಗಿತು. ಇದ್ದೀಯಾ?

ಅವಳು ಸುಮ್ಮನೆ ಕೂತಳು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಜಗ್ಗಿತು. ಆಗಲೂ ಮುಟ್ಟಲಿಲ್ಲ.

ತಾಂಡೇಲರು ಮೇಲೆ ಬಂದಾಗ ಕಣ್ಣು ಕೆಂಪಾಗಿತ್ತು. ಬಂಡೆಯ ಮೇಲೆ ಬಿದ್ದ ಹಗ್ಗ ನೋಡಿದರು. ಬೈಯಲಿಲ್ಲ.

"ಇವತ್ತು ಕೆಳಗೆ ಕತ್ತಲೆ ಜಾಸ್ತಿ ಇತ್ತು" ಎಂದರು, ಅಷ್ಟೇ.

ಆ ರಾತ್ರಿ ವನಜಾ ಊಟ ಬಿಟ್ಟಳು. ಆಮೇಲೆ ಅವಳು ಹಗ್ಗವನ್ನು ಕೆಳಗೆ ಇಟ್ಟದ್ದಿಲ್ಲ.

ವರ್ಷ ಕಳೆಯಿತು. ಅಷ್ಟರಲ್ಲಿ ದಡದ ಬಳಿ ಸಿಲಿಂಡರ್ ಕಟ್ಟಿ ಮುಳುಗುವುದನ್ನೂ ವನಜಾ ಕಲಿತಿದ್ದಳು. ಅವಳ ಸೊಂಟಕ್ಕೆ ಗುರುಗಳೇ ಹಗ್ಗ ಕಟ್ಟಿದರು.

ಅವತ್ತು ಸಮುದ್ರ ಎಣ್ಣೆ ಹೊಯ್ದ ಹಾಗೆ ಇತ್ತು. ಗಾಳಿ ಇಲ್ಲ, ಅಲೆ ಇಲ್ಲ, ಒಂದು ಕಾಗೆ ಸಹ ಇಲ್ಲ. ಎಂಟಾಳು ಕೆಳಗೆ ಹಡಗು ಒಂದು ಮಗ್ಗುಲಿಗೆ ಮಲಗಿತ್ತು. ಟಾರ್ಚಿನ ಬೆಳಕಿಗೆ ಮೀನುಗಳು ಒಮ್ಮೆಲೇ ತಿರುಗಿ ಅವಳನ್ನು ನೋಡಿದವು.

ವನಜಾ ಕಬ್ಬಿಣಕ್ಕೆ ಮೂರು ಸಲ ತಟ್ಟಿದಳು. ಉಸಿರು ಎಣಿಸಿದಳು.

ಏಳನೆಯ ಉಸಿರಿಗೆ ಒಳಗಿಂದ ಸದ್ದು ಬಂತು. ಮೂರು ಸಲ. ಯಾರೋ ಅವಸರವಿಲ್ಲದೆ ತಟ್ಟಿದ ಹಾಗೆ.

ಅವಳು ಮೇಲೆ ಬಂದಳು. 

"ಉತ್ತರ ಬಂತು ಗುರುಗಳೇ."

"ಒಳಗೆ ತಗಡು ಸಡಿಲ ಆಗಿರ್ತದೆ ಮಗಾ. ನೀರು ಆಡಿದ್ರೆ ಬಡಿತದೆ. ಅಂಥ ದಿನ ಒಳಗೆ ಹೋಗ್ಬಾರ್ದು, ಅಷ್ಟೇ."

"ಇವತ್ತು ನೀರು ಆಡ್ತಾ ಇಲ್ಲ."

ತಾಂಡೇಲರು ಸಮುದ್ರದ ಕಡೆ ತಿರುಗಿದರು.

"ಹೌದು, ಆಡ್ತಾ ಇಲ್ಲ" ಎಂದರು. ಎದ್ದು ಗಂಜಿಗೆ ಅಕ್ಕಿ ತೊಳೆಯಲು ಹೋದರು.

ಎಂಟು ದಿನ ಬಿಟ್ಟು ವನಜಾ ಮತ್ತೆ ಇಳಿದಳು. ತಟ್ಟಿದಳು. ಹತ್ತು ಉಸಿರಾಯಿತು, ಉತ್ತರ ಬರಲಿಲ್ಲ. ಒಳಗೆ ಹೋದಳು.

ಪಕ್ಕದಲ್ಲೇ ಆ ಹಳೆಯ ಹಗ್ಗ ಹೋಗಿತ್ತು. ಅವಳು ಎಲ್ಲಿ ತಿರುಗಿದರೂ ಅದೂ ಅಲ್ಲೇ ತಿರುಗಿತ್ತು. ಓಣಿಯ ಕೊನೆಗೆ ಒಂದು ಬಾಗಿಲು, ಅರ್ಧ ತೆರೆದದ್ದು. ಅಲ್ಲಿಗೆ ಅವಳ ಹಗ್ಗ ಮುಗಿಯಿತು.

ಹಳೆಯ ಹಗ್ಗವೂ ಅಲ್ಲಿಗೇ ಮುಗಿದಿತ್ತು. ಅದರ ತುದಿ ಬಾಗಿಲ ಹಿಡಿಕೆಗೆ ಕಟ್ಟಿತ್ತು.

ಗಂಟು ಎಡಕ್ಕೆ ಸುತ್ತಿತ್ತು. ಅವರ ಮನೆಯಲ್ಲಿ ಹಾಗೆ ಗಂಟು ಹಾಕುವವ ಒಬ್ಬನೇ, ಎಡಚ ಜಟ್ಟಪ್ಪ. ಅವಳ ಲಂಗದ ಲಾಡಿಯನ್ನು ಚಿಕ್ಕಂದಿನಲ್ಲಿ ಅವನು ಹಾಗೆಯೇ ಕಟ್ಟಿ, ಬಿಚ್ಚಲಾಗದೆ ಅವಳು ಅತ್ತದ್ದುಂಟು.

ಅಂದರೆ ಯಾರೂ ಹಗ್ಗ ಬಿಟ್ಟಿರಲಿಲ್ಲ. ಅಣ್ಣನೇ ಸೊಂಟದಿಂದ ಬಿಚ್ಚಿ ಇಲ್ಲಿ ಕಟ್ಟಿ, ಬಾಗಿಲ ಆಚೆಗೆ ಹೋಗಿದ್ದ.

ಆಗ ಬಾಗಿಲ ಆಚೆಯಿಂದ ತಟ್ಟಿದ ಸದ್ದು ಬಂತು. ಮೂರು ಸಲ.

ಇನ್ನು ಎರಡೇ ಮಾರು. ಎರಡೇ ಮಾರು ಹೋದರೆ ಅಣ್ಣನನ್ನು ನೋಡಬಹುದು, ಅಮ್ಮನಿಗೆ ತಂದು ತೋರಿಸಬಹುದು. ಅವಳ ಕೈ ಸೊಂಟಕ್ಕೆ ಹೋಯಿತು. ಗಂಟು ಅರ್ಧ ಬಿಚ್ಚಿಯೂ ಆಗಿತ್ತು.

ಅಷ್ಟರಲ್ಲಿ ಹಗ್ಗ ಒಂದು ಸಲ ಜಗ್ಗಿತು.

ಬಂಡೆಯ ಮೇಲೆ ತಾನು ಉತ್ತರ ಕೊಡದೆ ಕೂತದ್ದು ಅವಳಿಗೆ ನೆನಪಾಯಿತು. ಕತ್ತಲೆ ಜಾಸ್ತಿ ಇತ್ತು ಎಂದು ಗುರುಗಳು ಅಂದದ್ದು ನೆನಪಾಯಿತು. ಕತ್ತಲೆ ಈಗ ಇರುವುದು ಮೇಲೆ, ಮುದುಕರ ಹತ್ತಿರ.

ಅವಳು ಹಗ್ಗವನ್ನು ಒಂದು ಸಲ ಎಳೆದಳು. ಗಂಟು ಬಿಗಿದುಕೊಂಡಳು. ಬೆನ್ನ ಹಿಂದೆ ಮತ್ತೆ ಮೂರು ಸಲ ಸದ್ದಾಯಿತು. ತಿರುಗಿ ನೋಡದೆ ಬಂದಳು.

ಬಂಡೆ ಹತ್ತಿ ಗುರುಗಳ ಕಾಲ ಬಳಿ ಕುಸಿದು ಕೂತಳು.

"ಅಣ್ಣನೇ ಬಿಚ್ಚಿದ್ದ. ಗಂಟು ನೋಡಿದೆ."

"ಹ್ಞೂಂ."

"ನಿಮಗೆ ಗೊತ್ತಿತ್ತಾ?"

"ಅವತ್ತೇ ಇಳಿದು ನೋಡಿದ್ದೆ. ಆಮೇಲೆ ಮೂರು ದಿನ ಹುಡುಕಿದೆ."

"ಮತ್ತೆ ಯಾಕೆ ಹೇಳಲಿಲ್ಲ? ಊರೆಲ್ಲ ನಿಮ್ಮ ಮುಖಕ್ಕೆ ಉಗೀತು. ಅಮ್ಮ ನಿಮಗೆ ಹಾಕದ ಶಾಪ ಇಲ್ಲ!"

"ಹೇಳಿದ್ರೆ ನಿನ್ನ ಅಮ್ಮ ಸತ್ತ ಮಗನ ಮೇಲೆ ಸಿಟ್ಟಾಗ್ಬೇಕಿತ್ತು. ಅದು ಅವಳಿಂದ ಆಗ್ತದಾ? ನಾನು ಬದುಕಿದ್ದೆ, ಬೈಸಿಕೊಂಡೆ."

ವನಜಾ ಬಿಕ್ಕಿ ಬಿಕ್ಕಿ ಅತ್ತಳು. ಇಷ್ಟು ವರ್ಷ ಈ ಮನುಷ್ಯನನ್ನು ದ್ವೇಷಿಸಿದ್ದಕ್ಕೆ ಅತ್ತಳು, ಅಣ್ಣನಿಗಾಗಿಯೂ ಅತ್ತಳು. ಅವರು ತಡೆಯಲಿಲ್ಲ.

"ಅಮ್ಮನಿಗೆ ಎಂತ ಹೇಳ್ಲಿ?"

"ನೋಡಿದ್ದನ್ನು ಹೇಳು. ಹೇಳಿ ಎದ್ದು ಹೋಗ್ಬೇಡ, ಪಕ್ಕದಲ್ಲಿ ಕೂತ್ಕೊ."

"ಹಾಗಾದ್ರೆ ಈ ಹಳೆ ಹಗ್ಗ ಇನ್ನು ಯಾಕೆ? ಆ ತುದಿಯಲ್ಲಿ ಯಾರೂ ಇಲ್ಲ. ಕಡಿದು ಬಿಡುವ."

ತಾಂಡೇಲರು ಸೊಂಟದ ಚೂರಿ ತೆಗೆದು ಅವಳ ಕೈಗೆ ಕೊಟ್ಟರು. ಅವಳು ಹಳೆಯ ಹಗ್ಗವನ್ನು ಎಡಗೈಯಲ್ಲಿ ಎತ್ತಿ ಹಿಡಿದಳು.

ಸಮುದ್ರ ಎಣ್ಣೆ ಹೊಯ್ದ ಹಾಗೆ ಇತ್ತು.

ಹಗ್ಗ ಒಂದು ಸಲ ಜಗ್ಗಿತು.

ವನಜಾಳ ಕೈಯಿಂದ ಚೂರಿ ಬಿತ್ತು. ಗುರುಗಳ ಮುಖ ನೋಡಿದಳು. ಅವರ ಮುಖದಲ್ಲಿ ಆಶ್ಚರ್ಯ ಇರಲಿಲ್ಲ.

"ಗುರುಗಳೇ, ಅಲೆ ಅಲ್ವಾ? ಅಲೆಯೇ ಅಲ್ವಾ?"

"ಎಂಟು ವರ್ಷ ಆಯ್ತು, ನನಗೂ ಗೊತ್ತಾಗ್ಲಿಲ್ಲ ಮಗಾ. ಕೇಳ್ತಾ ಉಂಟು, ಉತ್ತರ ಕೊಡು."