ನಾಲ್ಕನೆಯ ವರ್ಷದ ಸರದಿ

ಅಚ್ಯುತಮುನಿಗಳ ಶಿಷ್ಯ ದೇವರಸ ಅರಮನೆ ಸೇರಿ ಬಹಳ ಕಾಲವಾಗಿತ್ತು. ರಾಜ್ಯದ ನ್ಯಾಯಸಭೆಗಳು ಮುಂದಿನ ಇಪ್ಪತ್ತೈದು ವರ್ಷ ಹೇಗೆ ನಡೆಯಬೇಕೆಂದು ಯೋಜನೆ ಹಾಕುವ ಹೊಣೆಯನ್ನು ಅರಸ ಅವನಿಗೇ ವಹಿಸಿದ್ದ. ಆ ಕೆಲಸ ಮುಗಿಸಿ, ಆಶೀರ್ವಾದ ಬೇಡಲು ಅವನು ಹೊಳೆದಂಡೆಯ ಆಶ್ರಮಕ್ಕೆ ಬಂದ.

"ಏನು ಯೋಚಿಸಿದೆ?" ಎಂದರು ಗುರುಗಳು.

"ಪ್ರತಿ ಸೀಮೆಗೂ ಒಂದು ನ್ಯಾಯಸಭೆ, ಗುರುಗಳೇ. ಒಬ್ಬ ನ್ಯಾಯಾಧಿಕಾರಿ ತೀರಿಕೊಂಡರೆ, ಆ ಪೀಠಕ್ಕೆ ಇನ್ನೊಬ್ಬ ಮೊದಲೇ ಸಿದ್ಧನಾಗಿರುತ್ತಾನೆ. ಅಂಥವರನ್ನು ಈಗಿನಿಂದಲೇ ಓದಿಸುತ್ತೇವೆ."

"ಈಗ ಕಾಯುತ್ತಿರುವವರು?"

"ಹಳೆಯ ವ್ಯಾಜ್ಯಗಳನ್ನು ನಾಲ್ಕನೆಯ ವರ್ಷ ಕೈಗೆತ್ತಿಕೊಳ್ಳುತ್ತೇವೆ."

ಗುರುಗಳು ಜಗಲಿಯತ್ತ ನೋಡಿದರು. ಅಲ್ಲೊಬ್ಬಳು ಹೆಂಗಸು ಗಂಜಿ ಆರಿಸುತ್ತ ಕೂತಿದ್ದಳು.

"ಅವಳು ನಾಗವ್ವ. ಕೆರೆಯ ತೂಬು ಒಡೆದನೆಂದು ಅವಳ ತಮ್ಮನನ್ನು ಹೊಳೆಯಾಚೆಯ ಸೆರೆಮನೆಗೆ ಹಾಕಿದ್ದಾರೆ. ಅಲ್ಲಿನ ನ್ಯಾಯಾಧಿಕಾರಿ ಸತ್ತ ಮೇಲೆ ವಿಚಾರಿಸುವವರಿಲ್ಲ. ನನಗೆ ಹೇಳಿದ್ದನ್ನು ಅವಳಿಗೂ ಹೇಳು."

ದೇವರಸ ಹೋಗಿ ಹೇಳಿದ. ನಾಗವ್ವ ಕೊನೆಯವರೆಗೂ ಕೇಳಿಸಿಕೊಂಡಳು.

"ಒಳ್ಳೇ ಕೆಲಸ, ಸ್ವಾಮಿ. ನನ್ನ ತಮ್ಮನ ಸರದಿ ಯಾವಾಗ?"

"ನಾಲ್ಕನೆಯ ವರ್ಷ, ತಾಯಿ."

"ಅವನು ಕೆಮ್ಮಿದರೆ ರಕ್ತ ಬರುತ್ತೆ."

ದೇವರಸ ತಲೆ ತಗ್ಗಿಸಿದ. "ಒಬ್ಬನಿಗಾಗಿ ಸರದಿ ಮುರಿದರೆ ಎಲ್ಲರೂ ಕೇಳುತ್ತಾರೆ, ತಾಯಿ. ಆಮೇಲೆ ಯಾವುದೂ ನಡೆಯುವುದಿಲ್ಲ."

ಅವಳು ಗಂಜಿಯ ಪಾತ್ರೆಗೆ ಬಟ್ಟೆ ಕಟ್ಟಿಕೊಂಡು ದೋಣಿ ಹತ್ತಿದಳು.

ಸಂಜೆ ಅದೇ ದೋಣಿ ಮರಳಿತು. ಅಂಬಿಗನ ಜೊತೆ ಸೆರೆಮನೆಯ ಕಾವಲುಗಾರನಿದ್ದ. ಇಬ್ಬರ ನಡುವೆ, ಕಂಬಳಿ ಹೊದಿಸಿದ ಹೆಣ. ನಾಗವ್ವ ಅದರ ತಲೆಯ ಬಳಿ ಕೂತಿದ್ದಳು.

ದೇವರಸ ನೀರಿನವರೆಗೂ ಹೋದ.

ಅವಳೇ ಹೇಳಿದಳು. "ಅವನು ತೂಬು ಒಡೆದಿದ್ದನೋ ಇಲ್ಲವೋ, ಯಾರೂ ಹೇಳಲಿಲ್ಲ, ಸ್ವಾಮಿ. ಊರವರು ಇನ್ನು ಒಡೆದ ಅಂತಲೇ ಅಂದುಕೊಳ್ಳುತ್ತಾರೆ."

ದೇವರಸ ಹಿಂದಿರುಗಿ ಬಂದು ಗುರುಗಳ ಎದುರು ಕೂತ.

"ನನ್ನ ಯೋಜನೆಯನ್ನು ಕೈಬಿಡಲೇ?"

"ಬೇಡ. ಇಪ್ಪತ್ತೈದು ವರ್ಷದ ಹಿಂದೆ ಯಾರಾದರೂ ನಿನ್ನ ಹಾಗೆ ಯೋಚಿಸಿದ್ದರೆ, ಆ ಪೀಠ ಇಂದು ಬರಿದಾಗಿರುತ್ತಿರಲಿಲ್ಲ."

"ಹಾಗಾದರೆ ನಾನು ತಪ್ಪಿದ್ದೆಲ್ಲಿ?"

ಗುರುಗಳು ಉತ್ತರೀಯವನ್ನು ಮಡಿಚಿ ಹೆಗಲ ಮೇಲೆ ಇಟ್ಟುಕೊಂಡರು. ಹೊಳೆಯ ಕಡೆ ಹೆಜ್ಜೆ ಹಾಕಿದರು.

ದೇವರಸ ಕೂತಲ್ಲಿಂದಲೇ ಮತ್ತೆ ಕೇಳಿದ. "ಗುರುಗಳೇ, ನಾನೇನು ಮಾಡಲಿ?"

ಗುರುಗಳು ತಿರುಗಿ ನೋಡಿದರು.

"ಅಂಬಿಗ, ಕಾವಲುಗಾರ, ನಾನು, ಮೂವರಿದ್ದೇವೆ. ಚಟ್ಟಕ್ಕೆ ಇನ್ನೊಂದು ಹೆಗಲು ಬೇಕು. ಏಳು."